ಶಿವಮೊಗ್ಗದಲ್ಲಿದ್ದುಕೊಂಡೇ ಸೈಕಲ್ ರೇಸಿಗೆ ಇಳಿಯುವುದು ಹೇಗೆ?

ಮಲೆನಾಡಿನಲ್ಲಿ ಸೈಕಲ್ ತುಳಿಯುವವರ ಕಾಲಿಗೆ ಬಲದ ಕೊರತೆ ಇರುವುದಿಲ್ಲ. ಅದನ್ನು ಇಲ್ಲಿನ ರಸ್ತೆಗಳೇ ನೋಡಿಕೊಳ್ಳುತ್ತವೆ. ಶಿವಮೊಗ್ಗ ಇರುವುದು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ, ಆಗುಂಬೆ 640ರ ಆಸುಪಾಸಿನಲ್ಲಿ. ಲೆಕ್ಕಕ್ಕೆ ನೂರು ಮೀಟರೂ ಏರಿದಂತಾಗಲಿಲ್ಲ. ಆದರೂ ತೀರ್ಥಹಳ್ಳಿ ದಾಟಿ ಆಗುಂಬೆ ಮುಟ್ಟುವಷ್ಟರಲ್ಲಿ ತೊಡೆ ನಡುಗುತ್ತಿರುತ್ತದೆ, ದಾರಿಯುದ್ದಕ್ಕೂ ಏರು, ಇಳಿಜಾರು, ಮತ್ತೆ ಏರು. ಇಂಥ ರಸ್ತೆಯಲ್ಲಿ ವರ್ಷಗಟ್ಟಲೆ ತುಳಿದವರಿಗೆ ‘ಇನ್ನು ರೇಸಿಗೆ ಹೋಗಬಹುದು’ ಅನ್ನಿಸುವುದು ಸಹಜ. ಹೋಗುತ್ತಾರೆ. ಮೊದಲ ಹತ್ತು ಕಿಲೋಮೀಟರಿನಲ್ಲೇ ಗುಂಪಿನಿಂದ ಕಳಚಿಕೊಂಡು, ಉಳಿದ ದೂರವನ್ನು ಒಬ್ಬರೇ ಗಾಳಿಗೆ ಎದೆಯೊಡ್ಡಿ ಮುಗಿಸುತ್ತಾರೆ. ಅವರನ್ನು ಬಿಟ್ಟು ಮುಂದೆ ಹೋದವರಲ್ಲಿ ಅವರಿಗಿಂತ ಸಣಕಲು ಕಾಲಿನವರೂ ಇರುತ್ತಾರೆ.

ಇನ್ನೊಬ್ಬರ ಚಕ್ರದ ಹಿಂದೆ ಒಂದು ಮೊಳ ಅಂತರದಲ್ಲಿ, ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ, ಹೆಗಲು ಬಿಗಿಯದೆ ಕೂತು ತುಳಿಯುವುದು ಬರದಿದ್ದರೆ ಕಾಲಿನ ಬಲ ಎಷ್ಟಿದ್ದರೂ ಖರ್ಚಾಗಿ ಹೋಗುತ್ತದೆ. ಮುಂದಿನವರ ಮರೆಯಲ್ಲಿ ಇರುವವರಿಗೆ ಆ ವೇಗದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಶಕ್ತಿ ಉಳಿಯುತ್ತದೆ. ಒಬ್ಬರೇ ಎಷ್ಟು ಸಾವಿರ ಕಿಲೋಮೀಟರ್ ತುಳಿದರೂ ಈ ವಿದ್ಯೆ ಹತ್ತುವುದಿಲ್ಲ. ಕ್ಲಬ್ಬು ಬೇಕಾಗುವುದು ಇದಕ್ಕೆ. ಜೆರ್ಸಿ, ಗ್ರೂಪ್ ಫೋಟೋ, ರೈಡ್ ಮುಗಿದ ಮೇಲಿನ ಮಸಾಲೆ ದೋಸೆ ಎಲ್ಲ ಆಮೇಲೆ.

ಮೊದಲು: ಯಾವ ರೇಸು?

ರೋಡ್ ರೇಸ್ ಎಂದರೆ ಒಂದೇ ಬಗೆಯದಲ್ಲ. ಟೈಮ್ ಟ್ರಯಲ್‌ನಲ್ಲಿ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಬ್ಬೊಬ್ಬರನ್ನೇ ಬಿಡುತ್ತಾರೆ. ಗಡಿಯಾರವೇ ಎದುರಾಳಿ, ಇನ್ನೊಬ್ಬರ ಹಿಂದೆ ಮರೆಯಾಗುವಂತಿಲ್ಲ. ಮಾಸ್ ಸ್ಟಾರ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಗೆರೆ ದಾಟಿದವರು ಗೆದ್ದಂತೆ. ಕ್ರಿಟೇರಿಯಂ ಎಂದರೆ ಚಿಕ್ಕ ಸುತ್ತಿನಲ್ಲಿ ಗಿರಗಿರನೆ ತಿರುಗುವ ಮಾಸ್ ಸ್ಟಾರ್ಟ್, ತಿರುವುಗಳಲ್ಲಿ ಧೈರ್ಯ ಬೇಕು. ಹಿಲ್ ಕ್ಲೈಂಬ್ ಎಂದರೆ ಬರೀ ಏರು.

ಹೊಸಬರು ಟೈಮ್ ಟ್ರಯಲ್ ಅಥವಾ ಹಿಲ್ ಕ್ಲೈಂಬ್‌ನಿಂದ ಶುರು ಮಾಡುವುದು ಒಳ್ಳೆಯದು. ಬಿದ್ದರೆ ನೀವೊಬ್ಬರೇ ಬೀಳುತ್ತೀರಿ, ಹಿಂದಿನ ಹತ್ತು ಜನರನ್ನು ಬೀಳಿಸುವುದಿಲ್ಲ. ಮಾಸ್ ಸ್ಟಾರ್ಟ್‌ಗೆ ಕ್ಲಬ್ಬಿನ ಹಳಬರು ‘ಈಗ ಹೋಗಬಹುದು’ ಅನ್ನುವವರೆಗೆ ಕಾಯಿರಿ.

ಬಿಆರ್‌ಎಂ ಎಂಬುದನ್ನೂ ಕೇಳಿರುತ್ತೀರಿ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು 20 ಗಂಟೆಯೊಳಗೆ, 600ನ್ನು 40 ಗಂಟೆಯೊಳಗೆ ಮುಗಿಸುವ ಸವಾರಿ ಅದು. ರೇಸ್ ಅಲ್ಲ, ಮೊದಲ ಸ್ಥಾನ ಕಡೆಯ ಸ್ಥಾನ ಅಂತ ಏನೂ ಇಲ್ಲ. ನಮ್ಮ ಕಡೆಯ ಕ್ಲಬ್ಬುಗಳಲ್ಲಿ ಬಿಆರ್‌ಎಂ ಮಾಡಿದವರು ಜಾಸ್ತಿ, ರೇಸ್ ಮಾಡಿದವರು ಕಡಿಮೆ. ಅವರಿಂದ ದಮ್ಮು ಕಟ್ಟುವುದನ್ನೂ ದಾರಿಯಲ್ಲಿ ಹೊಟ್ಟೆ ನೋಡಿಕೊಳ್ಳುವುದನ್ನೂ ಕಲಿಯಬಹುದು. ವೇಗದ ವಿಷಯಕ್ಕೆ ಮಾತ್ರ ರೇಸ್ ಮಾಡಿದವರನ್ನೇ ಕೇಳಿ.

ಕ್ಲಬ್ಬನ್ನು ಅಳೆಯುವುದು

ಗೇರ್ ಸೈಕಲ್ ರಿಪೇರಿ ಮಾಡುವ ಅಂಗಡಿಯವರನ್ನು ಕೇಳಿದರೆ ಊರಿನಲ್ಲಿ ಯಾರು ಯಾವ ದಿನ ಎಲ್ಲಿಂದ ಹೊರಡುತ್ತಾರೆ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಸದಸ್ಯತ್ವದ ದುಡ್ಡು ಕೊಡುವ ಮೊದಲು ಎರಡು ಮೂರು ಭಾನುವಾರ ಸುಮ್ಮನೆ ಜೊತೆಗೆ ಹೋಗಿ ಬನ್ನಿ. ಹೋದಾಗ ಗಮನಿಸಬೇಕಾದದ್ದು ಇಷ್ಟು: ಹೆಲ್ಮೆಟ್ ಇಲ್ಲದೆ ಬಂದವರನ್ನು ವಾಪಸ್ ಕಳಿಸುತ್ತಾರೆಯೇ? ಹಿಂದುಳಿದವರ ಜೊತೆ ಒಬ್ಬ ಹಳಬರು ಉಳಿಯುತ್ತಾರೆಯೇ, ಅಥವಾ ‘ಬರ್ತಾರೆ ಬಿಡಿ’ ಅಂದು ಹೊರಟುಬಿಡುತ್ತಾರೆಯೇ? ಪಂಕ್ಚರ್ ಆದರೆ ಗುಂಪು ನಿಲ್ಲುತ್ತದೆಯೇ? ಕನಿಷ್ಠ ಒಬ್ಬರಾದರೂ ನಂಬರ್ ಕಟ್ಟಿಕೊಂಡು ರೇಸ್ ಓಡಿಸಿದವರು ಇದ್ದಾರೆಯೇ?

ಹೆಣ್ಣುಮಕ್ಕಳು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಬೇಕು: ದಾರಿಯಲ್ಲಿ ನಿಲ್ಲುವ ಜಾಗಗಳಲ್ಲಿ ಶೌಚಾಲಯ ಇದೆಯೇ ಅಂತ ರೂಟ್ ಹಾಕುವವರು ಒಮ್ಮೆಯಾದರೂ ಯೋಚಿಸಿದ್ದಾರೆಯೇ? ಅಷ್ಟು ಯೋಚಿಸಿದ ಕ್ಲಬ್ಬು ಉಳಿದದ್ದನ್ನೂ ಯೋಚಿಸಿರುತ್ತದೆ.

ಸೈಕಲ್ಲು

ಮೊದಲ ರೇಸಿಗೆ ಕಾರ್ಬನ್ ಫ್ರೇಮ್ ಬೇಡ. ಅಲಾಯ್ ಫ್ರೇಮಿನ, ಬಾಗಿದ ಹ್ಯಾಂಡಲಿನ, ಎಂಟು ಅಥವಾ ಒಂಬತ್ತು ಸ್ಪೀಡಿನ ರೋಡ್ ಬೈಕು ಸಾಕು. ಕ್ಲಬ್ಬಿನಲ್ಲಿ ಯಾರೋ ಒಬ್ಬರು ಹೊಸದು ಕೊಳ್ಳುವ ಉತ್ಸಾಹದಲ್ಲಿ ಹಳೆಯದನ್ನು ಮಾರಲು ಯಾವಾಗಲೂ ತಯಾರಾಗಿರುತ್ತಾರೆ, ಆದರೆ ನಿಮ್ಮ ಅಳತೆಯದಾದರೆ ಮಾತ್ರ ತೆಗೆದುಕೊಳ್ಳಿ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಒಂದು ಸೈಜು ದೊಡ್ಡದು ಕೊಂಡರೆ ಕುತ್ತಿಗೆ ನೋವಿಗೆ ಸುರಿಯುವ ದುಡ್ಡು ಆ ಉಳಿತಾಯವನ್ನು ನುಂಗುತ್ತದೆ. ವೃತ್ತಿಪರ ರೇಸುಗಳಲ್ಲಿ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದೆಂಬ ನಿಯಮವಿದೆ. ನಿಮ್ಮದು ಹತ್ತು ಕೆ.ಜಿ. ಇದ್ದರೆ ವ್ಯತ್ಯಾಸ ಮೂರು ಕೆ.ಜಿ. ಚಿಲ್ಲರೆ. ನಮ್ಮಲ್ಲಿ ಬಹುಪಾಲು ಜನರಿಗೆ ಅಷ್ಟನ್ನು ಹೊಟ್ಟೆಯಿಂದ ಇಳಿಸುವುದು ಅಗ್ಗ.

ಗೇರಿನ ವಿಷಯದಲ್ಲಿ ಮಲೆನಾಡಿನವರು ಜಂಬ ಮಾಡಬಾರದು. ಪೆಡಲಿನ ಬಳಿ 50 ಮತ್ತು 34 ಹಲ್ಲಿನ ಎರಡು ಚಕ್ರಗಳಿರುವ ಕಾಂಪ್ಯಾಕ್ಟ್, ಹಿಂದಿನ ಹಲ್ಲಿನ ಚಕ್ರಗಳಲ್ಲಿ ದೊಡ್ಡದು 32 ಹಲ್ಲು ಇದ್ದರೆ ಘಾಟಿಯಲ್ಲಿ ಕೂತೇ ಹತ್ತಬಹುದು. ಡಿಸ್ಕ್ ಬ್ರೇಕ್ ಸಿಕ್ಕರೆ ಅದೇ ಇರಲಿ. ರಿಮ್ ಬ್ರೇಕು ಮಳೆಯಲ್ಲಿ ನೀರನ್ನು ಒರೆಸಿ ಹಿಡಿಯುವುದಕ್ಕೇ ಒಂದೆರಡು ಸುತ್ತು ತಡ ಮಾಡುತ್ತದೆ.

ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ಸಪೂರದ ಪ್ರೆಸ್ಟಾ ವಾಲ್ವ್ ಇರುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಇದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟು ಹಿತ್ತಾಳೆಯ ಅಡಾಪ್ಟರ್ ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ. ಜೊತೆಗೆ ಎರಡು ಟ್ಯೂಬು, ಟಯರ್ ಲಿವರ್, ಕೈಪಂಪು, ಅಲನ್ ಕೀ, ಮತ್ತೆ ನಿಮ್ಮ ಫ್ರೇಮಿಗೇ ಹೊಂದುವ ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಚಿಕ್ಕ ಲೋಹದ ತುಂಡು. ಸೈಕಲ್ ಬಲಗಡೆಗೆ ಬಿದ್ದರೆ ಮೊದಲು ಬಾಗುವುದು ಈ ಹ್ಯಾಂಗರೇ. ಒಂದು ಫ್ರೇಮಿನದು ಇನ್ನೊಂದಕ್ಕೆ ಆಗುವುದಿಲ್ಲ, ಊರಿನಲ್ಲಿ ಸಿಗುವುದೂ ಕಷ್ಟ. ಹೆಲ್ಮೆಟ್ಟಿನ ಒಳಗೆ ಇಎನ್ 1078 ಎಂಬ ಯುರೋಪಿನ ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ ಕೊಳ್ಳಿ. ಒಮ್ಮೆ ನೆಲಕ್ಕೆ ಬಡಿದ ಹೆಲ್ಮೆಟ್ಟನ್ನು ಬದಲಿಸಿ, ಹೊರಗೆ ಬಿರುಕು ಕಾಣದಿದ್ದರೂ.

ಸಾಲು

ಗದ್ದೆಯಲ್ಲಿ ನಾಟಿ ಮಾಡುವವರ ಸಾಲನ್ನು ನೋಡಿದ್ದೀರಲ್ಲ. ಒಬ್ಬಳು ಚುರುಕು ಅಂತ ಎರಡು ಹೆಜ್ಜೆ ಬೇರೆ ಹೋದರೆ ಸಾಲೇ ಸೊಟ್ಟಗಾಗುತ್ತದೆ. ಸೈಕಲ್ ಸಾಲಿನಲ್ಲೂ ಅಷ್ಟೇ. ನಿಮ್ಮ ಸರದಿ ಬಂದು ಮುಂದೆ ಸಿಕ್ಕಿದಾಗ ವೇಗ ಹೆಚ್ಚಿಸುವುದು ಹೊಸಬರ ಮೊದಲ ಚಟ. ಹಿಂದೆ ಕೂತು ದಣಿವಾರಿಸಿಕೊಂಡ ಕಾಲು ‘ನೋಡಿ ನನ್ನ ಬಲ’ ಅನ್ನುತ್ತದೆ. ಮುಂದೆ ಬಂದ ಕ್ಷಣ ಮೀಟರಿನಲ್ಲಿ 31 ಇದ್ದರೆ 31ರಲ್ಲೇ ಇರಿ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಎಳೆದು, ಮೊಣಕೈ ಅಲ್ಲಾಡಿಸಿ ಸನ್ನೆ ಕೊಟ್ಟು, ಹಿಂದೆ ಗಾಡಿ ಇಲ್ಲವೆಂದು ನೋಡಿಕೊಂಡು ಪಕ್ಕಕ್ಕೆ ಸರಿಯಿರಿ, ವೇಗ ಒಂದು ಚೂರು ಇಳಿಸಿ. ಸಾಲು ತಾನಾಗಿ ನಿಮ್ಮನ್ನು ದಾಟುತ್ತದೆ. ಕಡೆಯವರು ನಿಮ್ಮ ಪಕ್ಕಕ್ಕೆ ಬರುತ್ತಿದ್ದಂತೆ, ಅವರು ದಾಟಿ ಹೋಗುವ ಮೊದಲೇ, ಎರಡು ಪೆಡಲ್ ಜೋರಾಗಿ ತುಳಿದು ಅವರ ಹಿಂದೆ ಸೇರಿಕೊಳ್ಳಿ. ದಾಟಿ ಹೋದ ಮೇಲೆ ಎಚ್ಚೆತ್ತರೆ ಮಧ್ಯೆ ಬಿಡುವು ಬಿದ್ದು, ಅದನ್ನು ತುಂಬಲು ಓಡುವುದರಲ್ಲೇ ಉಸಿರು ಮುಗಿಯುತ್ತದೆ. ಗುಂಪಿನಿಂದ ಕಳಚಿಕೊಳ್ಳುವವರಲ್ಲಿ ಅನೇಕರು ಏರಿನಲ್ಲಿ ಕಳಚಿಕೊಳ್ಳುವುದಿಲ್ಲ, ಹೀಗೆ ಎರಡು ಮಾರು ಬಿಡುವಿನಲ್ಲಿ ಕಳಚಿಕೊಳ್ಳುತ್ತಾರೆ.

ಮುಂದಿನವರ ಚಕ್ರವನ್ನೇ ದಿಟ್ಟಿಸಬೇಡಿ. ಅವರ ಸೊಂಟದ ಮೇಲಿಂದ, ಹೆಗಲ ಪಕ್ಕದಿಂದ ದಾರಿ ನೋಡಿ, ಚಕ್ರ ಕಣ್ಣಿನ ಅಂಚಿನಲ್ಲಿ ಇರಲಿ. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಬಾರದು. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಚಕ್ರಕ್ಕೆ ಚಕ್ರ ತಾಗುತ್ತದೆ, ಮತ್ತು ತಾಗಿದಾಗ ಬೀಳುವುದು ಹೆಚ್ಚಾಗಿ ಹಿಂದಿನವರೇ. ತೀರಾ ಹತ್ತಿರ ಬಂದಿರಿ ಅನ್ನಿಸಿದರೆ ಬ್ರೇಕ್ ಮುಟ್ಟದೆ ತುಳಿಯುವುದನ್ನು ಒಂದು ಕ್ಷಣ ನಿಲ್ಲಿಸಿ, ಇಲ್ಲವೇ ಎದೆ ಎತ್ತಿ ಗಾಳಿ ಹಿಡಿಯಿರಿ, ವೇಗ ತಾನೇ ಇಳಿಯುತ್ತದೆ. ಏರಿನಲ್ಲಿ ಸೀಟಿನಿಂದ ಏಳುವಾಗ ಸೈಕಲ್ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಎದ್ದ ಘಳಿಗೆಯಲ್ಲೇ ಪೆಡಲಿಗೆ ಒತ್ತು ಕೊಡದಿದ್ದರೆ ಹಿಂದಿನವರ ಚಕ್ರಕ್ಕೆ ಬಡಿಯಿತು ಅಂತಲೇ ಲೆಕ್ಕ.

ಮುಂದಿದ್ದವರಿಗೆ ಕಂಡದ್ದು ಹಿಂದಿನವರಿಗೆ ಕಾಣುವುದಿಲ್ಲ, ಆದ್ದರಿಂದ ಕೂಗಬೇಕು. ‘ಗುಂಡಿ!’, ‘ಹಂಪ್!’, ‘ದನ, ದನ!’, ‘ಹಿಂದೆ ಬಸ್ಸು!’. ನಾಚಿಕೆ ಬೇಡ. ನಿಮಗೆ ಕೇಳಿಸಿದ್ದನ್ನು ನೀವೂ ಹಿಂದಕ್ಕೆ ಕೂಗಿ ದಾಟಿಸಿ. ನೀರು ಕುಡಿಯಲು ಕೈ ಹಾಕುವುದು ಸಾಲಿನ ಹಿಂದೆ ಬಂದ ಮೇಲೆ. ಇಯರ್‌ಫೋನ್ ಹಾಕಿಕೊಂಡು ಗುಂಪಿಗೆ ಬರುವವರನ್ನು ನಾನಾಗಿದ್ದರೆ ಆ ಕ್ಷಣವೇ ಮನೆಗೆ ಕಳಿಸುತ್ತೇನೆ.

ಇದನ್ನು ಕಲಿಯಲು ನಾಲ್ಕು ಜನ ಸಾಕು. ಹೆಚ್ಚು ಗಾಡಿ ಓಡಾಡದ ರಸ್ತೆಯಲ್ಲಿ, 25ರ ವೇಗದಲ್ಲಿ, ಮೊದಲು ಒಂದು ಸೈಕಲ್ ಉದ್ದದ ಅಂತರ ಇಟ್ಟುಕೊಂಡು ಶುರು ಮಾಡಿ. ಹೆದರಿಕೆ ಇಳಿದ ಹಾಗೆಲ್ಲ ಅಂತರ ಇಳಿಸುತ್ತಾ ಬನ್ನಿ. ಎರಡು ಮೂರು ತಿಂಗಳ ಭಾನುವಾರಗಳು ಇದಕ್ಕೇ ಹೋಗುತ್ತವೆ, ಹೋಗಲಿ.

ಎಲ್ಲಿ ತುಳಿಯುವುದು

ಸಮತಟ್ಟು ಬೇಕೆಂದರೆ ಹೊಳಲೂರು ಮೇಲೆ ಹೊನ್ನಾಳಿ ಕಡೆಯ ರಸ್ತೆ. ಮಳೆಗಾಲದ ಗಾಳಿಯಲ್ಲಿ ಹೋಗುವಾಗ ಹಾರಿಕೊಂಡು ಹೋಗುತ್ತೀರಿ, ಬರುವಾಗ ಎದುರುಗಾಳಿ ಲೆಕ್ಕ ಚುಕ್ತಾ ಮಾಡುತ್ತದೆ. ಟೈಮ್ ಟ್ರಯಲ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಕೊಯ್ಲಿನ ಹೊತ್ತಿನಲ್ಲಿ ಈ ಕಡೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ, ಭತ್ತ ಒಣಗಲು ಹಾಕಿರುತ್ತಾರೆ. ಕಾಳಿನ ಮೇಲೆ ತೆಳು ಟಯರ್ ಹೋದರೆ ನಿಲ್ಲುವುದಿಲ್ಲ, ಸುತ್ತ ಇಟ್ಟ ಕಲ್ಲುಗಳು ಮುಂಜಾನೆಯ ಮಬ್ಬಿನಲ್ಲಿ ಕಾಣುವುದಿಲ್ಲ.

ಏರಿಳಿತಕ್ಕೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಮೇಲೆ ಹೋಗುವ ತೀರ್ಥಹಳ್ಳಿ ರಸ್ತೆ, ಅಥವಾ ಆಯನೂರು, ಕುಂಸಿ ಮೇಲೆ ಸಾಗರದ ರಸ್ತೆ. ಎರಡೂ ಹೆದ್ದಾರಿಗಳು, ಗಾಡಿಗಳ ಓಡಾಟ ಜೋರು, ಹಾಗಾಗಿ ಬೆಳಿಗ್ಗೆ ಬೇಗ ಹೋಗಿ ಬೇಗ ಬನ್ನಿ. ಬೇಗ ಅಂದರೆ ಕತ್ತಲಲ್ಲಿ ಅಲ್ಲ. ಸಕ್ರೆಬೈಲಿನ ಆಚೀಚೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು, ಬೆಳಕು ಹರಿಯುವ ಮೊದಲು ಅಲ್ಲಿ ಓಡಾಡುವ ಹಕ್ಕು ನಮ್ಮದಲ್ಲ.

ನಿಜವಾದ ಏರು ಬೇಕೆಂದರೆ ಘಾಟಿಯ ಕೆಳಗಿನಿಂದ ಮೇಲಕ್ಕೆ ಬರಬೇಕು. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು, ಹೊಸಂಗಡಿಯಿಂದ ಹುಲಿಕಲ್ ಕಡೆಗೆ ಇನ್ನೊಂದು. ಹತ್ತುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಅಭ್ಯಾಸ ಬೇಕು. ತಿರುವಿಗೆ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಹೊರಗಿನ ಕಾಲನ್ನು ಕೆಳಗೆ ಒತ್ತಿ, ನೋಟ ತಿರುವಿನ ಆಚೆಗೆ. ಬಸ್ಸಿಗೆ ತಿರುಗಲು ಇಡೀ ರಸ್ತೆ ಬೇಕಾಗುವ ಜಾಗ ಅದು, ನಡುಗೆರೆಯ ಆಚೆ ಯಾವತ್ತೂ ಹೋಗಬೇಡಿ.

ಮಳೆಗಾಲದಲ್ಲಿ ಘಾಟಿಯ ಆಸೆ ಬಿಡಿ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಂಜು, ರಸ್ತೆಯಂಚಿನ ಪಾಚಿ, ಒದ್ದೆಯಾದ ಬಿಳಿ ಪಟ್ಟಿ, ಕೊಳೆತ ಅಡಿಕೆ ಸಿಪ್ಪೆ, ನಾಲ್ಕೂ ಜಾರುತ್ತವೆ. ಹೊರಗೆ ಹೋಗಲೇಬೇಕಾದರೆ ಊರಿನ ಸುತ್ತ ಸಮತಟ್ಟಿನಲ್ಲಿ, ಟಯರಿನ ಗಾಳಿ ಐದು ಪಿಎಸ್‌ಐ ಕಡಿಮೆ ಮಾಡಿಕೊಂಡು ಹೋಗಿ. ಬಂದ ಕೂಡಲೇ ಚೈನು ಒರೆಸಿ ಎಣ್ಣೆ ಬಿಡಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು. ಮಳೆ ಬಿಡದ ವಾರಗಳಿಗೆ ಸೈಕಲ್ಲನ್ನು ಮನೆಯೊಳಗೆ ನಿಂತಲ್ಲೇ ತುಳಿಯಲು ಬರುವ ಟ್ರೇನರ್ ಇಡುವುದು ಮಲೆನಾಡಿನ ಸವಾರರಿಗೆ ಶೋಕಿಯಲ್ಲ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಡಿಸೆಂಬರಿನಿಂದ ಮೇ ತನಕ ಅದರ ಕಾಲ. ದಣಿದು ಕಾಡಿನಂಚಿನ ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಬಸ್ ಸ್ಟಾಪಿನ ಕಟ್ಟೆಯೇ ಲೇಸು.

ನಾಯಿ ಅಟ್ಟಿಸಿಕೊಂಡು ಬಂದರೆ ಒಬ್ಬರೇ ಇದ್ದಾಗ ನಿಂತುಬಿಡಿ, ಸೈಕಲ್ ಮಧ್ಯೆ ಇಟ್ಟುಕೊಳ್ಳಿ. ಓಡದಿದ್ದನ್ನು ಅಟ್ಟುವುದರಲ್ಲಿ ನಾಯಿಗಳಿಗೆ ಆಸಕ್ತಿ ಕಡಿಮೆ.

ಹನ್ನೆರಡು ವಾರ

ನಿತ್ಯ ಕೆಲಸಕ್ಕೆ ಹೋಗುವವರಿಗೆ ವಾರಕ್ಕೆ ನಾಲ್ಕು ದಿನ ಸಾಕು. ಮೊದಲ ನಾಲ್ಕು ವಾರ ಬರೀ ಹಗುರ ಸವಾರಿ: ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಪೆಡಲ್ ನಿಮಿಷಕ್ಕೆ 80–90 ಸುತ್ತು ತಿರುಗಬೇಕು. ಭಾರದ ಗೇರಿನಲ್ಲಿ ಗುದ್ದಾಡಿದರೆ ಮಂಡಿ ಹೋಗುತ್ತದೆ. ಐದನೇ ವಾರದಿಂದ ಮಂಗಳವಾರ ಎಂಟು ನಿಮಿಷದ ಜೋರು ಸವಾರಿ ನಾಲ್ಕು ಸಲ, ಮಧ್ಯೆ ನಾಲ್ಕು ನಿಮಿಷ ಬಿಡುವು. ಜೋರು ಅಂದರೆ ಒಂದೆರಡು ಪದ ಮಾತ್ರ ಹೊರಡುವಷ್ಟು. ಗುರುವಾರ ಹತ್ತಿರದ ಒಂದು ದಿಬ್ಬವನ್ನು ಐದಾರು ಸಲ ಹತ್ತಿ. ಶನಿವಾರ ಒಂದು ಗಂಟೆ ಆರಾಮಾಗಿ, ಭಾನುವಾರ ಕ್ಲಬ್ಬಿನ ಉದ್ದದ ರೈಡು. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಕಡೆಯ ವಾರ ಬಹುಪಾಲು ವಿಶ್ರಾಂತಿ, ಆ ವಾರ ಮಾಡಿದ ಸಾಹಸ ರೇಸಿನ ದಿನ ಉಪಯೋಗಕ್ಕೆ ಬರುವುದಿಲ್ಲ. ನಲವತ್ತರ ಆಸುಪಾಸಿನವರು, ಬಿಪಿ, ಶುಗರ್ ಇರುವವರು ಐದನೇ ವಾರಕ್ಕೆ ಮೊದಲು ಡಾಕ್ಟರಿಗೆ ತೋರಿಸಿಕೊಳ್ಳಿ.

ಹೊಟ್ಟೆಯ ಲೆಕ್ಕ ಸರಳ. ಒಂದು ಗಂಟೆ ಮೀರಿದ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಎರಡು ಏಲಕ್ಕಿ ಬಾಳೆ, ನಾಲ್ಕು ಖರ್ಜೂರ, ಒಂದು ಶೇಂಗಾ ಚಿಕ್ಕಿ ಇದ್ದರೆ ಆಗಿಹೋಯಿತು. ನೀರಿನ ಬಾಟಲಿಗೆ ಓಆರ್‌ಎಸ್, ಅಥವಾ ಬೆಲ್ಲ, ನಿಂಬೆ, ಒಂದು ಚಿಟಿಕೆ ಉಪ್ಪು. ಹಸಿವಾಗುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಬಾಯಿಗೆ ಹಾಕಿ. ರೇಸಿನ ಬೆಳಿಗ್ಗೆ ಎರಡು ಮೂರು ಗಂಟೆ ಮೊದಲು ಕಡುಬೋ ಇಡ್ಲಿಯೋ, ದಿನವೂ ತಿನ್ನುವುದೇ ಇರಲಿ. ರೇಸಿನ ದಿನ ಹೊಸ ತಿಂಡಿ, ಹೊಸ ಶೂ, ಹೊಸ ಸೀಟು ಯಾವುದೂ ಬೇಡ.

ಊರಿನಲ್ಲೇ ಒಂದು ಟೈಮ್ ಟ್ರಯಲ್

ರೇಸಿಗೆ ಅಂತ ಬೆಂಗಳೂರಿಗೋ ಮೈಸೂರಿಗೋ ಹೋಗುವ ಮೊದಲು ಕ್ಲಬ್ಬಿನವರೇ ತಿಂಗಳಿಗೊಮ್ಮೆ ಸಮಯ ನೋಡಿಕೊಳ್ಳಿ. ಹತ್ತು ಕಿಲೋಮೀಟರ್ ಹೋಗಿ ಹತ್ತು ಬರುವುದು, ಒಬ್ಬೊಬ್ಬರಾಗಿ, ಫೋನಿನ ಸ್ಟಾಪ್‌ವಾಚು. ಇಪ್ಪತ್ತು ಕಿಲೋಮೀಟರನ್ನು 40 ನಿಮಿಷದೊಳಗೆ ಮುಗಿಸಿದರೆ ಹೊಸಬರ ವಿಭಾಗಕ್ಕೆ ಧೈರ್ಯವಾಗಿ ಹೆಸರು ಕೊಡಬಹುದು ಎನ್ನುವುದು ನನ್ನ ಅಂದಾಜು. ಮೊದಲ ಐದು ಕಿಲೋಮೀಟರ್ ‘ಇನ್ನೂ ಜೋರಾಗಿ ಹೋಗಬಹುದಿತ್ತಲ್ಲ’ ಅನ್ನಿಸುವಂತೆ ತುಳಿಯಿರಿ, ತಿರುಗಿ ಬರುವಾಗ ಉಳಿದದ್ದನ್ನೆಲ್ಲ ಖಾಲಿ ಮಾಡಿ. ಇದು ನಿಮ್ಮ ನಿಮ್ಮಲ್ಲಿನ ಅಭ್ಯಾಸವಾಗಿರುವವರೆಗೆ ಸರಿ. ಹೊರಗಿನವರನ್ನು ಕರೆದು, ಬಹುಮಾನ ಇಟ್ಟು ಸ್ಪರ್ಧೆ ಮಾಡುವುದಾದರೆ ಪೊಲೀಸರ ಅನುಮತಿ, ಆಂಬುಲೆನ್ಸ್, ತಿರುವುಗಳಲ್ಲಿ ಬಾವುಟ ಹಿಡಿದ ಸ್ವಯಂಸೇವಕರು ಇಲ್ಲದೆ ಕೈ ಹಾಕಬೇಡಿ.

ರೇಸಿನ ದಿನ

ಹವ್ಯಾಸಿ ರೇಸುಗಳಿಗೆ ಪ್ರವೇಶ ಶುಲ್ಕ ಕಟ್ಟಿ ಹೆಸರು ಕೊಟ್ಟರೆ ಸಾಮಾನ್ಯವಾಗಿ ಸಾಕು, ವಯಸ್ಸಿನ ದಾಖಲೆಗೆ ಆಧಾರ್ ಇಟ್ಟುಕೊಳ್ಳಿ, 18 ತುಂಬದವರಿಗೆ ಪೋಷಕರ ಒಪ್ಪಿಗೆ ಪತ್ರ. ಹಿಂದಿನ ದಿನವೇ ರೂಟನ್ನು ನೋಡಿ. ಕಡೆಯ ಎರಡು ಕಿಲೋಮೀಟರಿನಲ್ಲಿ ಎಲ್ಲಿ ಹಂಪ್, ಎಲ್ಲಿ ತಿರುವು, ಗಾಳಿ ಯಾವ ಕಡೆಯದು ಎಂಬುದು ಮನಸ್ಸಿನಲ್ಲಿರಬೇಕು.

ನಂಬರಿಗೆ ನಾಲ್ಕೂ ಮೂಲೆಯಲ್ಲಿ ಪಿನ್ ಹಾಕಿ, ಗಾಳಿಗೆ ಪಟಪಟ ಅನ್ನಬಾರದು. ರೇಸ್ ಚಿಕ್ಕದಾದಷ್ಟೂ ವಾರ್ಮ್ ಅಪ್ ಉದ್ದ ಇರಲಿ: ಟೈಮ್ ಟ್ರಯಲ್‌ಗೆ ಇಪ್ಪತ್ತೈದು ನಿಮಿಷ, ಅದರಲ್ಲಿ ಎರಡು ಮೂರು ಸಲ ಒಂದೊಂದು ನಿಮಿಷ ಜೋರು. ಹೊರಡುವ ಗೇರು ಹಗುರ ಇರಲಿ.

ಮಾಸ್ ಸ್ಟಾರ್ಟ್‌ನಲ್ಲಿ ಮೊದಲ ಸಲ ಗೆಲ್ಲುವ ಯೋಚನೆ ಬಿಟ್ಟು, ಗುಂಪಿನ ಮುಂದಿನ ಮೂರನೇ ಒಂದು ಭಾಗದಲ್ಲಿ ಉಳಿಯುವುದನ್ನೇ ಗುರಿ ಮಾಡಿಕೊಳ್ಳಿ. ತೀರಾ ಹಿಂದೆ ಇದ್ದರೆ ಪ್ರತಿ ತಿರುವಿನ ನಂತರವೂ ಓಡಿ ಹಿಡಿಯಬೇಕಾಗುತ್ತದೆ, ಮುಂದೆ ಯಾರೋ ಬಿದ್ದರೆ ನೀವೂ ಅವರ ಮೇಲೆ. ಏರು ಬರುವ ಮೊದಲೇ ಗುಂಪಿನ ಮುಂಭಾಗಕ್ಕೆ ಸರಿದುಕೊಳ್ಳಿ. ಆಗ ನಿಧಾನಕ್ಕೆ ಹಿಂದೆ ಜಾರಿದರೂ ಏರು ಮುಗಿಯುವಾಗ ಗುಂಪಿನೊಳಗೇ ಇರುತ್ತೀರಿ. ಕಡೆಯ ಓಟದಲ್ಲಿ ನಿಮ್ಮ ಗೆರೆ ಬಿಟ್ಟು ಅಡ್ಡ ಹೋಗಬೇಡಿ, ಗೆದ್ದರೂ ಅನರ್ಹರಾಗಬಹುದು. ಎಷ್ಟೋ ರೇಸುಗಳಲ್ಲಿ ರಸ್ತೆ ಪೂರ್ತಿ ಮುಚ್ಚಿರುವುದಿಲ್ಲ, ಎದುರಿನಿಂದ ಗಾಡಿ ಬರುತ್ತಿರುತ್ತದೆ.

ಗುಂಪಿನಿಂದ ಕಳಚಿಕೊಂಡರೆ ಹಿಂದೆ ಬರುತ್ತಿರುವ ಇಬ್ಬರು ಮೂವರಿಗೆ ಕಾದು, ಅವರ ಜೊತೆ ಸಾಲು ಕಟ್ಟಿ ಮುಗಿಸಿ. ಭಾನುವಾರದ ಪಾಠ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಗೊತ್ತಿಲ್ಲದ ಮೂವರು ಮಾತಿಲ್ಲದೆ ಸರದಿ ಹಂಚಿಕೊಳ್ಳುವುದು ನಿಮಗೆ ಸಲೀಸಾದರೆ ಕ್ಲಬ್ಬಿನ ಕೆಲಸ ಆಗಿದೆ.

ಅಲ್ಲಿಂದ ಮುಂದೆ

ಜಿಲ್ಲೆ, ರಾಜ್ಯ ಮಟ್ಟದ ಅಧಿಕೃತ ಸ್ಪರ್ಧೆಗಳಿಗೆ ಹೋಗಬೇಕೆಂದರೆ ದಾರಿ ಬೇರೆ. ಅವು ಸೈಕ್ಲಿಂಗ್ ಫೆಡರೇಷನ್ ಆಫ್ ಇಂಡಿಯಾ ಮತ್ತು ರಾಜ್ಯ ಅಮೆಚೂರ್ ಸೈಕ್ಲಿಂಗ್ ಸಂಸ್ಥೆಯ ಮೂಲಕ ನಡೆಯುತ್ತವೆ, ಅಲ್ಲಿ ನೋಂದಣಿ ಬೇಕು. ವಿಭಾಗಗಳು ವಯಸ್ಸಿನ ಮೇಲೆ, ಮತ್ತು ನಿಮ್ಮನ್ನು ಎದುರಿಸುವವರು ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು. ನಮ್ಮ ರಾಜ್ಯದ ಸೈಕ್ಲಿಂಗ್ ಬೆಳೆದಿರುವುದೇ ಆ ಒಣ ನೆಲದ ನೇರ ರಸ್ತೆಗಳಲ್ಲಿ. ಅವರ ಜೊತೆ ಒಮ್ಮೆ ತುಳಿದರೆ ನಮ್ಮ ಘಾಟಿಯ ಹೆಮ್ಮೆ ಸ್ವಲ್ಪ ಇಳಿಯುತ್ತದೆ, ಇಳಿಯಬೇಕಾದದ್ದೇ. ನಿಮ್ಮ ಮನೆಯಲ್ಲಿ ಹದಿಮೂರು ಹದಿನಾಲ್ಕು ವರ್ಷದ ಮಗುವಿಗೆ ಈ ಹುಚ್ಚು ಹತ್ತಿದ್ದರೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ಯಾವಾಗ ಎಂದು ನೆಹರು ಕ್ರೀಡಾಂಗಣದಲ್ಲಿರುವ ಇಲಾಖೆಯವರನ್ನು ವಿಚಾರಿಸಿ ಇಟ್ಟುಕೊಳ್ಳಿ. ಯೌವನ ದಾಟಿದವರಿಗೆ ಹಿರಿಯರ ಮಾಸ್ಟರ್ಸ್ ವಿಭಾಗ ಇದ್ದೇ ಇದೆ, ಅಲ್ಲಿ ಅವಸರವಿಲ್ಲ.